ಕ್ಯಾನ್ಸರ್ ಕೋಶಗಳ 3ಡಿ ಸ್ಫೆರಾಯ್ಡ್: ಅಗರೋಸ್ ಪ್ಲೇಟಿನಿಂದ ಔಷಧದ ಪರೀಕ್ಷೆವರೆಗೆ

"ಗೈಡ್ 3ಡಿ ಕಲ್ಚರ್ ಮಾಡು ಅಂದಿದ್ದಾರೆ, ಎಲ್ಲಿಂದ ಶುರು ಮಾಡಲಿ?" ಬೆಂಗಳೂರಿನ ಬಯೋಟೆಕ್ ಕಾಲೇಜುಗಳ ಎಂಎಸ್ಸಿ ವಿದ್ಯಾರ್ಥಿಗಳು, ಮೊದಲ ವರ್ಷದ ಪಿಎಚ್‌ಡಿಯವರು ಪದೇ ಪದೇ ಕೇಳುವ ಪ್ರಶ್ನೆ ಇದು. 3ಡಿ ಕಲ್ಚರ್ ಅಂದರೆ ಕೋಶಗಳನ್ನು ಚಪ್ಪಟೆ ಪದರದ ಬದಲು ಉಂಡೆಯಂಥ ಮೂರು ಆಯಾಮದ ರೂಪದಲ್ಲಿ ಬೆಳೆಸುವುದು. ಬೆನ್ನಿಗೇ ಎರಡನೆಯದೂ ಬರುತ್ತದೆ: "ಕೋಶ ಅಂಟದ ಆ ದುಬಾರಿ ಪ್ಲೇಟ್ ಇಲ್ಲದೆ ಆಗುತ್ತಾ?" ಆಗುತ್ತದೆ. ಮಾಮೂಲಿ 96 ವೆಲ್ ಪ್ಲೇಟ್, ಜೆಲ್ ಓಡಿಸಲು ಇಟ್ಟಿರುವ ಅಗರೋಸ್ ಮತ್ತು ತಾಳ್ಮೆ ಇದ್ದರೆ ಸಾಕು.

ನಿಮಗೆ ಮಾಮೂಲಿ ಕಲ್ಚರ್ ಬರುತ್ತದೆ, ಅಂದರೆ ಹುಡ್ ಒಳಗೆ ಕೈ ಪಳಗಿದೆ, ಟ್ರಿಪ್ಸಿನ್ ಹಾಕಿ ಕೋಶ ಎಬ್ಬಿಸಿ ಎಣಿಸಲು ಬರುತ್ತದೆ ಅಂದುಕೊಂಡು ಬರೆದಿದ್ದೇನೆ. ಅದು ಬರದಿದ್ದರೆ ಮೊದಲು ಅದನ್ನು ಕಲಿತು ಬನ್ನಿ. ಇದು ಓಡಿಹೋಗಲ್ಲ.

ಇದೆಲ್ಲ ಯಾಕೆ ಬೇಕು

ಪ್ಲಾಸ್ಟಿಕ್ ತಳದ ಮೇಲೆ ಕೋಶಗಳು ಒಂದೇ ಪದರದಲ್ಲಿ ಚಪ್ಪಟೆಯಾಗಿ ಹರಡಿಕೊಳ್ಳುತ್ತವೆ. ಪ್ರತಿ ಕೋಶಕ್ಕೂ ಆಕ್ಸಿಜನ್, ಗ್ಲೂಕೋಸ್, ಔಷಧ ಎಲ್ಲ ಸಮನಾಗಿ ಸಿಗುತ್ತದೆ. ದೇಹದೊಳಗಿನ ಗಡ್ಡೆಯಲ್ಲಿ ಹಾಗಿಲ್ಲ. ರಕ್ತನಾಳದಿಂದ ಹೊರಟ ಆಕ್ಸಿಜನ್ ಸುಮಾರು 150ರಿಂದ 200 ಮೈಕ್ರೋಮೀಟರ್ ದೂರ ಹೋಗುವಷ್ಟರಲ್ಲಿ ಖರ್ಚಾಗಿಬಿಡುತ್ತದೆ. ಅದರಾಚೆ ಇರುವ ಕೋಶಗಳು ವಿಭಜನೆ ನಿಲ್ಲಿಸಿ ಸುಮ್ನೆ ಕೂತಿರುತ್ತವೆ, ಇಲ್ಲವೇ ಸಾಯುತ್ತವೆ.

ಸ್ಫೆರಾಯ್ಡ್ ಅಂದರೆ ತಳಕ್ಕೆ ಅಂಟಲು ಜಾಗ ಸಿಗದ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಮಾಡಿಕೊಳ್ಳುವ ಉಂಡೆ. ಉಂಡೆ ಸುಮಾರು 500 ಮೈಕ್ರೋಮೀಟರ್ ದಾಟಿದರೆ ಹೆಚ್ಚಿನ ಬಗೆಯ ಕೋಶಗಳ ಉಂಡೆಯಲ್ಲಿ ಮೂರು ಪದರ ಕಾಣುತ್ತದೆ: ಹೊರಗೆ ವಿಭಜನೆ ಆಗುತ್ತಿರುವ ಕೋಶಗಳು, ನಡುವೆ ವಿಭಜನೆ ನಿಲ್ಲಿಸಿದವು, ಒಳಗೆ ಸತ್ತ ತಿರುಳು. ಔಷಧದ ಲೆಕ್ಕ ತಲೆಕೆಳಗಾಗುವುದು ಇಲ್ಲೇ. ಪ್ಯಾಕ್ಲಿಟ್ಯಾಕ್ಸೆಲ್‌ನಂಥ, ವಿಭಜನೆಯ ಹೊತ್ತಿನಲ್ಲೇ ಕೋಶವನ್ನು ಹಿಡಿಯುವ ಔಷಧ, ನಿದ್ದೆ ಮಾಡುತ್ತಿರುವ ನಡುವಿನ ಪದರಕ್ಕೆ ಏನೂ ಮಾಡಲಾರದು. ಡಾಕ್ಸೊರುಬಿಸಿನ್ ಹೊರಗಿನ ಕೆಲವು ಪದರಗಳಲ್ಲೇ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ತನ್ನದೇ ಕೆಂಪು ಹೊಳಪಿರುವುದರಿಂದ ಫ್ಲೋರೊಸೆನ್ಸ್ ಮೈಕ್ರೋಸ್ಕೋಪಿನಲ್ಲಿ ಉಂಡೆಯ ಅಂಚಿಗೆ ಕೆಂಪು ಬಳೆ ಹಾಕಿದಂತೆ ಕಾಣುತ್ತದೆ. ಇದಕ್ಕೆ ತದ್ವಿರುದ್ಧವೂ ಉಂಟು: ಟಿರಪಜಮೈನ್ ಎಂಬ ರಾಸಾಯನಿಕ ಆಕ್ಸಿಜನ್ ಕಡಿಮೆ ಇರುವ ಕಡೆ ಮಾತ್ರ ಚುರುಕಾಗುತ್ತದೆ, ಹಾಗಾಗಿ ಚಪ್ಪಟೆ ಕಲ್ಚರ್‌ಗಿಂತ ಉಂಡೆಯಲ್ಲೇ ಅದರ ಹೊಡೆತ ಜೋರು. "3ಡಿಯಲ್ಲಿ ಕೋಶಗಳು ಯಾವಾಗಲೂ ಔಷಧಕ್ಕೆ ಜಗ್ಗಲ್ಲ" ಅಂತ ಪ್ರಬಂಧದಲ್ಲಿ ಕಣ್ಣುಮುಚ್ಚಿ ಬರೆಯಬೇಡಿ.

ಇದು ಹೊಸ ಫ್ಯಾಷನ್ ಏನಲ್ಲ. ವಿಕಿರಣದ ಪರಿಣಾಮ ನೋಡಲು ರಾಬರ್ಟ್ ಸದರ್ಲ್ಯಾಂಡ್ ಮತ್ತು ಜೊತೆಗಾರರು 1970ರ ದಶಕದ ಶುರುವಿನಲ್ಲೇ ಸ್ಫೆರಾಯ್ಡ್ ಬಳಸಿದ್ದರು. ಮೀನಾ ಬಿಸೆಲ್ ಅವರ ತಂಡ 1997ರಲ್ಲಿ ಸ್ತನ ಕ್ಯಾನ್ಸರ್ ಕೋಶಗಳನ್ನು ಜೆಲ್ ಒಳಗೆ ಬೆಳೆಸಿ, ಕೋಶದ ಹೊರಮೈಯ ಒಂದೇ ಒಂದು ಪ್ರೋಟೀನನ್ನು ತಡೆದಾಗ ಅವು ಹೆಚ್ಚುಕಡಿಮೆ ಮಾಮೂಲಿ ಕೋಶಗಳ ಹಾಗೆ ಜೋಡಿಸಿಕೊಂಡದ್ದನ್ನು ತೋರಿಸಿತು. ಹಾನ್ಸ್ ಕ್ಲೆವರ್ಸ್ ಲ್ಯಾಬಿನಲ್ಲಿ ತೊಶಿರೊ ಸಾಟೊ ಒಂದೇ ಕಾಂಡಕೋಶದಿಂದ ಕರುಳಿನ ಆರ್ಗನಾಯ್ಡ್ (ಪುಟ್ಟ ಅಂಗದಂಥ ರಚನೆ) ಬೆಳೆಸಿದ್ದು 2009ರಲ್ಲಿ.

ನಿಮಗೆ ಯಾವ ಮಾದರಿ ಬೇಕು

ಮೊದಲು ಪ್ರಶ್ನೆ ಬರೆದುಕೊಳ್ಳಿ, ಆಮೇಲೆ ಮಾದರಿ. ಔಷಧ ಉಂಡೆಯೊಳಗೆ ಎಷ್ಟು ಇಳಿಯುತ್ತದೆ, ಬೆಳವಣಿಗೆ ಎಷ್ಟು ತಗ್ಗುತ್ತದೆ ಅನ್ನುವುದು ಪ್ರಶ್ನೆಯಾದರೆ ಸ್ಫೆರಾಯ್ಡ್ ಸಾಕು. ಕೋಶಗಳು ಸುತ್ತಲಿನ ಅಂಗಾಂಶವನ್ನು ಹೇಗೆ ಕೊರೆದುಕೊಂಡು ಹೋಗುತ್ತವೆ ಅನ್ನುವುದಾದರೆ ಕೊಲಾಜನ್ ಅಥವಾ ಮ್ಯಾಟ್ರಿಜೆಲ್ ಎಂಬ ಪ್ರೋಟೀನ್ ಜೆಲ್ ಒಳಗೆ ಹುದುಗಿಸಬೇಕು. ಒಬ್ಬೊಬ್ಬ ರೋಗಿಯ ಗಡ್ಡೆ ಹೇಗೆ ಪ್ರತಿಕ್ರಿಯಿಸುತ್ತದೆ ಅನ್ನುವುದಾದರೆ ಆರ್ಗನಾಯ್ಡ್, ಅಂದರೆ ರೋಗಿಯ ಅಂಗಾಂಶದಿಂದಲೇ ಬೆಳೆಸಿದ, ಮೂಲದ ರಚನೆಯನ್ನು ಒಂದಿಷ್ಟು ಉಳಿಸಿಕೊಂಡ ಪುಟ್ಟ ಅಂಗ.

ಆರ್ಗನಾಯ್ಡ್ ಅಂದ ಕೂಡಲೇ ಎಲ್ಲರಿಗೂ ಆಸೆ. ಆರು ತಿಂಗಳ ಪ್ರಾಜೆಕ್ಟಿಗೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಮೀಡಿಯಂಗೆ ಹಾಕುವ ಬೆಳವಣಿಗೆ ಪ್ರೋಟೀನ್‌ಗಳೇ ಬಜೆಟ್ ನುಂಗುತ್ತವೆ. ಕಿದ್ವಾಯಿಯಂಥ ಆಸ್ಪತ್ರೆಯ ರೋಗಿಗಳ ಅಂಗಾಂಶ ಬೇಕಾದರೆ ಎಥಿಕ್ಸ್ ಕಮಿಟಿಯ ಅನುಮತಿ, ರೋಗಿಯ ಲಿಖಿತ ಒಪ್ಪಿಗೆ ಎರಡೂ ಬೇಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಓದದೆ ಆ ಕಡೆ ಕಾಲಿಡಬೇಡಿ.

ಇನ್ನೊಂದು ಮಾತು. 2023ರಲ್ಲಿ ಕೇಂದ್ರ ಸರ್ಕಾರ ಹೊಸ ಔಷಧಗಳ ನಿಯಮಕ್ಕೆ ತಿದ್ದುಪಡಿ ತಂದು, ಮನುಷ್ಯರ ಮೇಲೆ ಪ್ರಯೋಗಿಸುವ ಮುಂಚಿನ ಪರೀಕ್ಷೆಗಳ ಪಟ್ಟಿಯಲ್ಲಿ ಕೋಶ ಆಧಾರಿತ ವಿಧಾನ, ಆರ್ಗನ್ ಚಿಪ್ (ಕೋಶ ಬೆಳೆಸಿ ಅಂಗದ ಕೆಲಸವನ್ನು ಅನುಕರಿಸುವ ಪುಟ್ಟ ಸಾಧನ) ಮುಂತಾದವನ್ನೂ ಸೇರಿಸಿತು. ಹಾಗಂತ ಪ್ರಾಣಿ ಪ್ರಯೋಗ ರದ್ದಾಯಿತು ಅಂತಲ್ಲ. ಪಟ್ಟಿಯಲ್ಲಿ ಅದೂ ಇದೆ.

ಬೇಕಾದ ಸಾಮಾನು

ಚಪ್ಪಟೆ ತಳದ 96 ವೆಲ್ ಪ್ಲೇಟ್. ಅಗರೋಸ್. ಸ್ಟೆರೈಲ್ ಪಿಬಿಎಸ್ (ಕೋಶಗಳಿಗೆ ಹೊಂದುವ ಉಪ್ಪಿನ ದ್ರಾವಣ) ಅಥವಾ ಸೀರಮ್ ಇಲ್ಲದ ಮೀಡಿಯಂ. ಮಲ್ಟಿಚಾನೆಲ್ ಪಿಪೆಟ್. 40 ಮೈಕ್ರೋಮೀಟರ್ ಕಣ್ಣಿನ ಸೆಲ್ ಸ್ಟ್ರೈನರ್, ಅಂದರೆ ಜರಡಿ. ಪ್ಲೇಟ್ ಕೂರುವ ಸೆಂಟ್ರಿಫ್ಯೂಜ್ ಇದ್ದರೆ ಒಳ್ಳೆಯದು. ಕ್ಯಾಮೆರಾ ಇರುವ ಇನ್ವರ್ಟೆಡ್ ಮೈಕ್ರೋಸ್ಕೋಪ್, 4 ಪಟ್ಟು ಲೆನ್ಸ್ ಸಹಿತ. ಅಳತೆಗೆ ಇಮೇಜ್‌ಜೆ ಸಾಫ್ಟ್‌ವೇರ್, ಅದು ಪುಕ್ಕಟೆ.

ಅಂಟದ ಲೇಪನವಿರುವ ಗುಂಡು ತಳದ ಪ್ಲೇಟ್ ಕೊಳ್ಳಲು ದುಡ್ಡಿದ್ದರೆ ಕೊಳ್ಳಿ, ಎರಡನೇ ಹಂತದ ಕೆಲಸ ತಪ್ಪುತ್ತದೆ. ಅದರ ವೆಲ್‌ಗಳು ಪಡ್ಡಿನ ಹಂಚಿನ ಗುಳಿಗಳ ಹಾಗಿರುತ್ತವೆ, ಕೋಶಗಳೆಲ್ಲ ತಾವಾಗಿಯೇ ನಡುವಿಗೆ ಜಾರುತ್ತವೆ. ಅಗರೋಸಿನಲ್ಲಿ ನಾವು ಮಾಡಹೊರಟಿರುವುದೂ ಆ ಗುಳಿಯನ್ನೇ.

1. ಕೋಶಗಳ ಜಾತಕ ನೋಡಿ

ಪಕ್ಕದ ಲ್ಯಾಬಿನವರು ಕೊಟ್ಟ ಟ್ಯೂಬಿನ ಮೇಲೆ ಏನು ಬರೆದಿದೆಯೋ ಅದನ್ನೇ ನಂಬಬೇಡಿ. ಎಂಡಿಎ-ಎಂಬಿ-435 ಅನ್ನು ವರ್ಷಗಟ್ಟಲೆ ಸ್ತನ ಕ್ಯಾನ್ಸರ್ ಅಂದುಕೊಂಡು ಜನ ಪೇಪರ್ ಬರೆದರು. ಅದು ಎಂ14 ಎಂಬ ಮೆಲನೋಮ, ಅಂದರೆ ಚರ್ಮದ ಕ್ಯಾನ್ಸರ್ ಕೋಶ ಅಂತ ಆಮೇಲೆ ಗೊತ್ತಾಯಿತು. ಎಸ್‌ಟಿಆರ್ ಪ್ರೊಫೈಲ್, ಅಂದರೆ ಕೋಶದ ಡಿಎನ್‌ಎ ಗುರುತಿನ ಪರೀಕ್ಷೆ, ಒಮ್ಮೆ ಮಾಡಿಸಿ. ಪುಣೆಯ ಎನ್‌ಸಿಸಿಎಸ್‌ನ ಕೋಶ ಭಂಡಾರದಿಂದ ತರಿಸಿಕೊಂಡರೆ ಮೂಲವಾದರೂ ದಾಖಲೆಯಲ್ಲಿರುತ್ತದೆ.

ಮೈಕೋಪ್ಲಾಸ್ಮ ಪರೀಕ್ಷೆಯನ್ನಂತೂ ತಪ್ಪಿಸಲೇಬೇಡಿ. ಈ ಬ್ಯಾಕ್ಟೀರಿಯಾ ಮೀಡಿಯಂ ಕದಡುವುದಿಲ್ಲ, ಮಾಮೂಲಿ ಮೈಕ್ರೋಸ್ಕೋಪಿಗೆ ಕಾಣುವುದಿಲ್ಲ. ಪಿಸಿಆರ್ ಕಿಟ್ಟಿನಲ್ಲಿ ಅರ್ಧ ದಿನದ ಕೆಲಸ.

ಮೊದಲ ಸಲಕ್ಕೆ ಎಚ್‌ಸಿಟಿ-116 (ದೊಡ್ಡ ಕರುಳು), ಯು-87 (ಮಿದುಳು) ಅಥವಾ ಎಂಸಿಎಫ್-7 (ಸ್ತನ) ತೆಗೆದುಕೊಳ್ಳಿ. ಇವು ಗಟ್ಟಿ ಉಂಡೆ ಕಟ್ಟುತ್ತವೆ. ಎಂಡಿಎ-ಎಂಬಿ-231ರಿಂದ ಶುರು ಮಾಡಿದರೆ ಬೇಜಾರಾಗುತ್ತದೆ. ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಇ-ಕ್ಯಾಡ್‌ಹೆರಿನ್ ಪ್ರೋಟೀನ್ ಅದರಲ್ಲಿ ಇಲ್ಲ, ಹಾಗಾಗಿ ಉದುರುದುರಾದ ಗುಂಪಷ್ಟೇ ಆಗುತ್ತದೆ. ಅದೇ ಬೇಕಿದ್ದರೆ ಉಪಾಯವಿದೆ, 4ನೇ ಹಂತದಲ್ಲಿ ಹೇಳುತ್ತೇನೆ.

ಕೋಶಗಳು ಪಾತ್ರೆಯ ತಳವನ್ನು 70ರಿಂದ 80 ಪರ್ಸೆಂಟ್ ತುಂಬಿರುವಾಗ ಎತ್ತಿ. ಪೂರ್ತಿ ತುಂಬಿ ಒಂದರ ಮೇಲೊಂದು ಏರಿದ ಕೋಶಗಳು ಬಿಡಿಬಿಡಿಯಾಗಿ ಬರುವುದಿಲ್ಲ.

2. ಅಗರೋಸ್ ಗುಳಿ ಮಾಡಿ

1.5 ಪರ್ಸೆಂಟ್ ಅಗರೋಸ್, ಅಂದರೆ 100 ಮಿಲಿ ಪಿಬಿಎಸ್‌ಗೆ 1.5 ಗ್ರಾಂ. ಆಟೋಕ್ಲೇವ್‌ನಲ್ಲಿ 121 ಡಿಗ್ರಿಗೆ 15ರಿಂದ 20 ನಿಮಿಷ ಇಡಿ. ಕರಗುವುದೂ ಸ್ಟೆರೈಲ್ ಆಗುವುದೂ ಒಟ್ಟಿಗೇ ಮುಗಿಯುತ್ತದೆ. ಬರೀ ಮೈಕ್ರೋವೇವ್‌ನಲ್ಲಿ ಕುದಿಸಿ ಬಳಸುವವರಿದ್ದಾರೆ. ಆಮೇಲೆ ಫಂಗಸ್ ಬಂತು ಅಂತ ಅಳುವವರೂ ಹೆಚ್ಚಾಗಿ ಅವರೇ.

ಬಿಸಿ ಬಾಟಲಿಯನ್ನು ಹುಡ್ ಒಳಗೆ 60ರಿಂದ 70 ಡಿಗ್ರಿಯ ಹೀಟಿಂಗ್ ಬ್ಲಾಕ್ ಅಥವಾ ಬಿಸಿನೀರಿನ ಪಾತ್ರೆಯಲ್ಲಿಡಿ. ಪ್ರತಿ ವೆಲ್‌ಗೆ 50 ಮೈಕ್ರೋಲೀಟರ್ ಹಾಕಿ. ಟಿಪ್ ವೆಲ್ಲಿನ ನಡುವೆ, ತಳದಿಂದ ಚೂರು ಮೇಲಿರಲಿ. ಪಿಪೆಟ್ಟಿನ ಎರಡನೇ ಸ್ಟಾಪ್‌ವರೆಗೆ ಒತ್ತಬೇಡಿ, ಒತ್ತಿದರೆ ಗುಳ್ಳೆ ಬರುತ್ತದೆ. ಬಿಸಿ ದ್ರವ ಗೋಡೆಯನ್ನು ಹಿಡಿದು ಸ್ವಲ್ಪ ಮೇಲೇರುತ್ತದೆ, ನಡುವೆ ತಗ್ಗಾಗುತ್ತದೆ, ಹಾಗೇ ಹೆಪ್ಪುಗಟ್ಟುತ್ತದೆ. ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಆ ತಗ್ಗು ಬರಿಗಣ್ಣಿಗೇ ಕಾಣುತ್ತದೆ. ತಗ್ಗಿಲ್ಲದೆ ಸಮತಟ್ಟಾಗಿದ್ದರೆ ಅಗರೋಸ್ ಜಾಸ್ತಿ ಹಾಕಿದ್ದೀರಿ, ಇಲ್ಲವೇ ಹಾಕುವಷ್ಟರಲ್ಲಿ ತಣ್ಣಗಾಗಿದೆ.

ಒಂದೊಂದು ಸಾಲಿಗೂ ಟಿಪ್ ಬದಲಿಸಿ, ಇಲ್ಲದಿದ್ದರೆ ಟಿಪ್ ತುದಿಯಲ್ಲೇ ಅಗರೋಸ್ ಕಟ್ಟಿಕೊಂಡು ಮುಂದಿನ ಸಾಲಿಗೆ 50ರ ಬದಲು 35 ಬೀಳುತ್ತದೆ. ಮೇಜು ಮಟ್ಟವಾಗಿರಲಿ. ಹುಡ್‌ನ ಗಾಳಿ ನೇರ ಬಡಿಯದಂತೆ ಮುಚ್ಚಳ ಅರೆ ಮುಚ್ಚಿ 20 ನಿಮಿಷ ಬಿಡಿ.

ಹೊರ ಅಂಚಿನ 36 ವೆಲ್‌ಗಳನ್ನು ಪ್ರಯೋಗಕ್ಕೆ ಬಳಸಬೇಡಿ. ಅಲ್ಲಿ ಮೀಡಿಯಂ ಬೇಗ ಆವಿಯಾಗುತ್ತದೆ. ಅವಕ್ಕೆ 200 ಮೈಕ್ರೋಲೀಟರ್ ಪಿಬಿಎಸ್ ತುಂಬಿ. ನಿಮಗೆ ಉಳಿಯುವುದು ಒಳಗಿನ 60.

3. ಬಿಡಿ ಕೋಶ, ಸರಿಯಾದ ಎಣಿಕೆ

ಟ್ರಿಪ್ಸಿನ್ ಹೆಚ್ಚು ಹೊತ್ತು ಬಿಟ್ಟರೆ ಅದು ಕೋಶದ ಮೇಲಿನ ಅಂಟು ಪ್ರೋಟೀನ್‌ಗಳನ್ನೂ ಕಡಿದುಹಾಕುತ್ತದೆ, ಆಗ ಉಂಡೆ ಕಟ್ಟುವುದು ತಡವಾಗುತ್ತದೆ. ಕೋಶ ಎದ್ದ ಕೂಡಲೇ ಸೀರಮ್ ಇರುವ ಮೀಡಿಯಂ ಹಾಕಿ ನಿಲ್ಲಿಸಿ. ಜರಡಿಯಲ್ಲಿ ಸೋಸಿ. ಸತ್ತ ಕೋಶಕ್ಕೆ ನೀಲಿ ಹಿಡಿಸುವ ಟ್ರಿಪಾನ್ ಬ್ಲೂ ಹಾಕಿ ಎಣಿಸಿ. ಜೀವಂತ ಕೋಶ 90 ಪರ್ಸೆಂಟ್‌ಗಿಂತ ಕಡಿಮೆ ಇದ್ದರೆ ಅವತ್ತಿಗೆ ಬಿಟ್ಟುಬಿಡಿ.

ಲೆಕ್ಕ ಹೀಗೆ. ವೆಲ್‌ಗೆ 1000 ಕೋಶ, 200 ಮೈಕ್ರೋಲೀಟರ್ ಮೀಡಿಯಂನಲ್ಲಿ ಬೇಕು. ಅಂದರೆ ಮಿಲಿಗೆ 5000. 60 ವೆಲ್‌ಗೆ 12 ಮಿಲಿ. ಪಿಪೆಟ್ ತೊಟ್ಟಿಯಲ್ಲಿ ಉಳಿಯುವುದನ್ನು ಸೇರಿಸಿ 14 ಮಿಲಿ ಮಾಡಿಕೊಳ್ಳಿ, ಅದಕ್ಕೆ 70,000 ಕೋಶ. ಹಾಕುವಾಗ ತೊಟ್ಟಿಯನ್ನು ಆಗಾಗ ಮೆಲ್ಲಗೆ ಕಲಕುತ್ತಿರಿ. ಕೋಶಗಳು ತಳ ಸೇರುವುದು ನೀವು ಅಂದುಕೊಂಡದ್ದಕ್ಕಿಂತ ಬೇಗ. ಮೊದಲ ಸಾಲಿನ ಉಂಡೆ ದಪ್ಪ, ಕೊನೆಯ ಸಾಲಿನದು ಸಣ್ಣ ಅಂತ ಬರುವ ದೂರುಗಳಲ್ಲಿ ಮುಕ್ಕಾಲು ಪಾಲಿಗೆ ಕಾರಣ ಇದೇ.

ಮೊಟ್ಟಮೊದಲ ಪ್ಲೇಟಿನಲ್ಲಿ ಔಷಧದ ಯೋಚನೆಯೇ ಬೇಡ. 500, 1000, 2000, 4000 ಹೀಗೆ ಬೇರೆ ಬೇರೆ ಎಣಿಕೆ ಹಾಕಿ ಒಂದು ವಾರ ದಿನಾ ಅಳೆಯಿರಿ. ಯಾವ ಎಣಿಕೆಗೆ 4ನೇ ದಿನ 350ರಿಂದ 400 ಮೈಕ್ರೋಮೀಟರ್ ಬರುತ್ತದೋ ಅದು ನಿಮ್ಮ ಎಣಿಕೆ. ಬೇರೆಯವರ ಪೇಪರಿನ ಎಣಿಕೆಯನ್ನು ಹಾಗೇ ಎತ್ತಿಕೊಂಡರೆ ಹೊಂದುವ ಖಾತ್ರಿಯಿಲ್ಲ. ಸೀರಮ್ ಬ್ಯಾಚ್ ಬೇರೆ, ಪಾಸೇಜ್ ಬೇರೆ (ಪಾಸೇಜ್ ಅಂದರೆ ಕೋಶಗಳನ್ನು ಎಷ್ಟನೇ ಸಲ ಬೇರೆ ಪಾತ್ರೆಗೆ ಹಂಚಿದ್ದು ಅನ್ನುವ ಲೆಕ್ಕ), ಊರೂ ಬೇರೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡ ಸುಮಾರು 10 ಪರ್ಸೆಂಟ್ ಕಡಿಮೆ. ಅಂದರೆ ಇನ್‌ಕ್ಯುಬೇಟರ್ ಒಳಗಿನ ಆಕ್ಸಿಜನ್ನೂ ಅಷ್ಟು ಕಡಿಮೆ. ಚಪ್ಪಟೆ ಕಲ್ಚರ್‌ನಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಳಗಿನ ತಿರುಳು ಯಾವ ಅಳತೆಗೆ ಸಾಯತೊಡಗುತ್ತದೆ ಅನ್ನುವುದೇ ಪ್ರಶ್ನೆಯಾದಾಗ ಲೆಕ್ಕಕ್ಕೆ ಬರುತ್ತದೆ ಅಲ್ವಾ?

4. ಸ್ಪಿನ್ ಮಾಡಿ, ಆಮೇಲೆ ಮುಟ್ಟಬೇಡಿ

ಪ್ಲೇಟನ್ನು 200ರಿಂದ 300 ಜಿಯಲ್ಲಿ (ಜಿ ಅಂದರೆ ಭೂಮಿಯ ಗುರುತ್ವದ ಎಷ್ಟು ಪಟ್ಟು ಬಲ ಅನ್ನುವ ಲೆಕ್ಕ) 5 ನಿಮಿಷ ತಿರುಗಿಸಿ, ಬ್ರೇಕ್ ಕಡಿಮೆ ಇಡಿ. ನೋಟ್‌ಬುಕ್ಕಿನಲ್ಲಿ ಆರ್‌ಪಿಎಂ ಬರೆಯಬೇಡಿ, ಜಿ ಬರೆಯಿರಿ. ರೋಟರ್ ಬದಲಾದರೆ ಆರ್‌ಪಿಎಂಗೆ ಅರ್ಥವಿಲ್ಲ. ಸೆಂಟ್ರಿಫ್ಯೂಜ್ ಇಲ್ಲದಿದ್ದರೂ ತಗ್ಗು ಸರಿಯಾಗಿದ್ದರೆ ಕೋಶಗಳು ತಾವೇ ಜಾರುತ್ತವೆ, ಒಂದು ದಿನ ಹೆಚ್ಚು ಹಿಡಿಯಬಹುದು.

ಆಮೇಲೆ 37 ಡಿಗ್ರಿ, 5 ಪರ್ಸೆಂಟ್ ಕಾರ್ಬನ್ ಡೈಆಕ್ಸೈಡ್. ಎರಡು ಮೂರು ದಿನ ಬಿಟ್ಟುಬಿಡಿ. ದಿನಕ್ಕೆ ನಾಲ್ಕು ಸಲ ತೆಗೆದು ನೋಡುವ ಚಪಲ ಎಲ್ಲರಿಗೂ ಇರುತ್ತದೆ, ಪ್ರತಿ ಸಲ ಅಲುಗಾಡಿದಾಗಲೂ ಕಟ್ಟಿಕೊಳ್ಳುತ್ತಿರುವ ಗುಂಪು ಒಡೆದು ಒಂದರ ಬದಲು ಎರಡು ಉಂಡೆ ಆಗುತ್ತದೆ. ಹಲವರು ಬಳಸುವ ಇನ್‌ಕ್ಯುಬೇಟರ್ ಆದರೆ ಜನ ಕಡಿಮೆ ಮುಟ್ಟುವ ಶೆಲ್ಫ್ ಹಿಡಿಯಿರಿ, ಮುಚ್ಚಳದ ಮೇಲೆ ಹೆಸರು, ದಿನಾಂಕ, "ಅಲುಗಿಸಬೇಡಿ" ಅಂತ ಬರೆಯಿರಿ.

ಉದುರು ಕಟ್ಟುವ ಎಂಡಿಎ-ಎಂಬಿ-231ನಂಥ ಕೋಶಗಳಿಗೆ ಮೀಡಿಯಂನಲ್ಲಿ 2.5 ಪರ್ಸೆಂಟ್ ಮ್ಯಾಟ್ರಿಜೆಲ್ ಬೆರೆಸಿ ತಣ್ಣಗಿರುವಾಗಲೇ ಸ್ಪಿನ್ ಮಾಡಿ. ಮ್ಯಾಟ್ರಿಜೆಲ್ ಇಲಿಯ ಒಂದು ಬಗೆಯ ಗಡ್ಡೆಯಿಂದ ತೆಗೆದ ಪ್ರೋಟೀನ್ ಮಿಶ್ರಣ. ಲ್ಯಾಮಿನಿನ್ ಮತ್ತು ನಾಲ್ಕನೇ ಬಗೆಯ ಕೊಲಾಜನ್ ಅದರಲ್ಲಿ ಮುಖ್ಯ. ಫ್ರಿಡ್ಜಿನ ತಂಪಿನಲ್ಲಿ ದ್ರವ, ಕೋಣೆಯ ಬಿಸಿಗೆ ಗಟ್ಟಿ. ಬೆಂಗಳೂರಿನ ಡಿಸೆಂಬರ್ ಚಳಿಯನ್ನು ನಂಬಿಕೊಂಡು ಮೇಜಿನ ಮೇಲೆ ಇಟ್ಟರೆ ಕೆಟ್ಟಿತು ಅಂತಲೇ. ಹಿಂದಿನ ರಾತ್ರಿ 4 ಡಿಗ್ರಿ ಫ್ರಿಡ್ಜಿನಲ್ಲಿ ಐಸ್ ಡಬ್ಬದೊಳಗೆ ಇಟ್ಟು ಕರಗಿಸಿ. ಟಿಪ್, ಟ್ಯೂಬ್ ಎಲ್ಲವನ್ನೂ ಮೊದಲೇ ಫ್ರೀಜರ್‌ನಲ್ಲಿ ತಣ್ಣಗೆ ಮಾಡಿ. ಸಣ್ಣ ಪಾಲು ಮಾಡಿಟ್ಟುಕೊಳ್ಳಿ, ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. ಬ್ಯಾಚಿನಿಂದ ಬ್ಯಾಚಿಗೆ ಗುಣ ಬೇರೆಯಾಗುವುದರಿಂದ ಲಾಟ್ ನಂಬರ್ ಬರೆದಿಡಿ, ಒಂದು ಪ್ರಯೋಗಮಾಲೆಗೆ ಒಂದೇ ಲಾಟ್ ಸಾಕಾಗುವಷ್ಟು ತರಿಸಿ.

5. ಅಳೆಯಿರಿ, ಕೆಟ್ಟದ್ದನ್ನು ಬಿಡಿ

ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ ಹಂತ ಇದು, ಜನ ಓಡಿಸಿಕೊಂಡು ಹೋಗುವುದೂ ಇದನ್ನೇ.

ಉಂಡೆಯ ಅಗಲ 10 ಪರ್ಸೆಂಟ್ ಹೆಚ್ಚಾದರೆ ಗಾತ್ರ 33 ಪರ್ಸೆಂಟ್ ಹೆಚ್ಚುತ್ತದೆ. ಅಗಲ ಇಮ್ಮಡಿಯಾದರೆ ಗಾತ್ರ 8 ಪಟ್ಟು. 360 ಮತ್ತು 400 ಮೈಕ್ರೋಮೀಟರ್ ಉಂಡೆಗಳು ಕಣ್ಣಿಗೆ ಒಂದೇ ಥರ ಕಾಣುತ್ತವೆ, ಒಳಗಿನ ಕೋಶಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಇರಬಹುದು. ದಪ್ಪ ಉಂಡೆಗಳೆಲ್ಲ ಔಷಧ ಹಾಕದ ಕಂಟ್ರೋಲ್ ಸಾಲಿನಲ್ಲಿ, ಸಣ್ಣವೆಲ್ಲ ಔಷಧದ ಸಾಲಿನಲ್ಲಿ ಬಿದ್ದರೆ ಔಷಧ ಏನೂ ಮಾಡದಿದ್ದರೂ "ಕೆಲಸ ಮಾಡಿತು" ಅಂತ ಗ್ರಾಫ್ ಬರುತ್ತದೆ.

ಹಾಗಾಗಿ ಔಷಧ ಹಾಕುವ ದಿನ ಬೆಳಗ್ಗೆ ಪ್ರತಿ ವೆಲ್ಲಿನ ಫೋಟೋ ತೆಗೆಯಿರಿ, 4 ಪಟ್ಟು ಲೆನ್ಸಿನಲ್ಲಿ, ಒಂದೇ ಬೆಳಕಿನಲ್ಲಿ. ಇಮೇಜ್‌ಜೆಯಲ್ಲಿ ಮೊದಲು ಸ್ಕೇಲ್ ಹೊಂದಿಸಿ. ಅಂಚು ಗುರುತಿಸಿ ವಿಸ್ತೀರ್ಣ, ಉದ್ದ, ಅಗಲ ತೆಗೆದುಕೊಳ್ಳಿ. ಗಾತ್ರಕ್ಕೆ ಉದ್ದ × ಅಗಲ × ಅಗಲ ÷ 2 ಅನ್ನುವ ಸೂತ್ರ ಸಾಕು. ಎರಡು ಉಂಡೆ ಇರುವ ವೆಲ್, ಮೊಟ್ಟೆಯಾಕಾರದ್ದು, ಸರಾಸರಿಯಿಂದ ದೂರ ಇರುವುದು, ಎಲ್ಲವನ್ನೂ ಈಗಲೇ ಪಟ್ಟಿಯಿಂದ ತೆಗೆಯಿರಿ. ಯಾವ ಅಳತೆ ದಾಟಿದರೆ ತೆಗೆಯುತ್ತೀರಿ ಅನ್ನುವುದನ್ನು ಮೊದಲೇ ಬರೆದಿಡಿ. ಫಲಿತಾಂಶ ನೋಡಿದ ಮೇಲೆ ತೆಗೆದರೆ ಅದು ಮೋಸ.

ಒಂದು ಎಚ್ಚರಿಕೆ. ಫೋಟೋದಲ್ಲಿ ಉಂಡೆಯ ನಡುವೆ ಕಪ್ಪಗಿದ್ದರೆ ಅಲ್ಲಿ ಕೋಶ ಸತ್ತಿವೆ ಅಂತ ಅರ್ಥವಲ್ಲ. ನಡುವೆ ದಪ್ಪ ಜಾಸ್ತಿ, ಬೆಳಕು ದಾಟುವುದಿಲ್ಲ, ಅಷ್ಟೇ.

6. ಔಷಧ ಹಾಕುವುದು

ಪ್ಲೇಟನ್ನು ಸ್ವಲ್ಪ ವಾಲಿಸಿ, ಟಿಪ್ಪನ್ನು ಗೋಡೆಗೆ ತಾಗಿಸಿ, ಮೇಲಿನಿಂದ 100 ಮೈಕ್ರೋಲೀಟರ್ ಮೆಲ್ಲಗೆ ಎಳೆಯಿರಿ. ಪೂರ್ತಿ ತೆಗೆಯಲು ಹೋದರೆ ಉಂಡೆಯೂ ಟಿಪ್ಪಿಗೆ ಏರಿಬರುತ್ತದೆ. ಎಳೆದದ್ದನ್ನು ಚೆಲ್ಲುವ ಮುಂಚೆ ಒಮ್ಮೆ ಬೆಳಕಿಗೆ ಹಿಡಿದು ನೋಡಿ, ಬಿಳಿ ಚುಕ್ಕೆಯಾಗಿ ಉಂಡೆ ಕಾಣುತ್ತದೆ. ಆಮೇಲೆ ಬೇಕಾದ್ದಕ್ಕಿಂತ ಇಮ್ಮಡಿ ಸಾಂದ್ರತೆಯ ಔಷಧ 100 ಮೈಕ್ರೋಲೀಟರ್ ಹಾಕಿ.

ಇಲ್ಲೊಂದು ಲೆಕ್ಕ ಜನ ಮರೆಯುತ್ತಾರೆ. ಅಗರೋಸ್ ಬಹುಪಾಲು ನೀರೇ, ಸಣ್ಣ ಅಣುವಿನ ಔಷಧ ಅದರೊಳಗೂ ಹರಡಿಕೊಳ್ಳುತ್ತದೆ. 200 ಮೈಕ್ರೋಲೀಟರ್ ಮೀಡಿಯಂ, 50 ಮೈಕ್ರೋಲೀಟರ್ ಅಗರೋಸ್, ಒಟ್ಟು 250. ನೀವು 10 ಮೈಕ್ರೋಮೋಲಾರ್ ಅಂದುಕೊಂಡದ್ದು ನಿಜಕ್ಕೂ 8ರ ಹತ್ತಿರ ನಿಲ್ಲುತ್ತದೆ. ಮೀಡಿಯಂ ಬದಲಿಸುವಾಗಲೂ ಅಗರೋಸ್ ಒಳಗೆ ಹಳೆಯದು ಉಳಿದಿರುತ್ತದೆ. ಒಂದೋ ಈ ಲೆಕ್ಕ ಸೇರಿಸಿ ಔಷಧ ತಯಾರಿಸಿ, ಇಲ್ಲವೇ ಬರೆಯುವಾಗ ಸ್ಪಷ್ಟವಾಗಿ ಹೇಳಿ.

ಔಷಧ ಕರಗಿಸುವ ಡಿಎಂಎಸ್‌ಒ ಕೊನೆಗೆ 0.1 ಪರ್ಸೆಂಟ್ ಮೀರದಿದ್ದರೆ ಚೆನ್ನ, 0.5 ದಾಟಲೇಬಾರದು. ಬರೀ ಡಿಎಂಎಸ್‌ಒ ಹಾಕಿದ ಸಾಲು, ಖಂಡಿತ ಕೊಲ್ಲುವ ಸ್ಟಾರೊಸ್ಪೋರಿನ್‌ನಂಥದ್ದು ಹಾಕಿದ ಸಾಲು, ಕೋಶವೇ ಇಲ್ಲದ ಅಗರೋಸ್ ಸಾಲು, ಮೂರೂ ಇರಲಿ. ಜೊತೆಗೆ ಅದೇ ದಿನ, ಅದೇ ಔಷಧದಿಂದ ಒಂದು ಚಪ್ಪಟೆ ಕಲ್ಚರ್ ಪ್ಲೇಟನ್ನೂ ಓಡಿಸಿ. ಹೋಲಿಕೆ ಇಲ್ಲದೆ 3ಡಿ ಫಲಿತಾಂಶಕ್ಕೆ ತೂಕ ಬರುವುದಿಲ್ಲ.

7. ಸತ್ತವೆಷ್ಟು, ಬದುಕಿದವೆಷ್ಟು

ಎಲ್ಲರ ಕೈ ಮೊದಲು ಹೋಗುವುದು ಎಂಟಿಟಿಗೆ, ಅಂದರೆ ಬದುಕಿರುವ ಕೋಶಗಳನ್ನು ಬಣ್ಣದಿಂದ ಅಳೆಯುವ ಪರೀಕ್ಷೆಗೆ. ಬೇಡ. ಬಣ್ಣ ಉಂಡೆಯ ಒಳಗೆ ಸರಿಯಾಗಿ ಇಳಿಯುವುದಿಲ್ಲ, ಆದ ಹರಳು ಪೂರ್ತಿ ಕರಗಿ ಹೊರಬರುವುದೂ ಇಲ್ಲ. ಔಷಧ ಹಾಕದೆಯೇ ಒಳಗಿನ ಕೋಶಗಳು "ಸತ್ತಂತೆ" ಓದುತ್ತವೆ.

ದುಡ್ಡಿದ್ದರೆ ಎಟಿಪಿ ಆಧಾರಿತ ಲ್ಯೂಮಿನೆಸೆನ್ಸ್ ಕಿಟ್ (ಬದುಕಿರುವ ಕೋಶದ ಶಕ್ತಿಯ ಅಣುವಾದ ಎಟಿಪಿಯನ್ನು ಬೆಳಕಾಗಿ ಅಳೆಯುವಂಥದ್ದು), ಅದೂ 3ಡಿಗೆಂದೇ ಮಾಡಿದ, ಕೋಶ ಒಡೆಯುವ ದ್ರಾವಣ ಜೋರಾಗಿರುವಂಥದ್ದು. ಹಾಕಿದ ಮೇಲೆ ಶೇಕರ್ ಮೇಲೆ ಚೆನ್ನಾಗಿ ಅಲುಗಿಸಿ, ಆಮೇಲೆ ಬಿಳಿ ಪ್ಲೇಟಿಗೆ ವರ್ಗಾಯಿಸಿ ಓದಿ.

ದುಡ್ಡಿಲ್ಲದಿದ್ದರೆ ಆಸಿಡ್ ಫಾಸ್ಫಟೇಸ್ ಪರೀಕ್ಷೆ. ಬದುಕಿರುವ ಕೋಶದ ಒಳಗಿನ ಕಿಣ್ವ ಒಂದು ರಾಸಾಯನಿಕವನ್ನು ಹಳದಿ ಬಣ್ಣಕ್ಕೆ ತಿರುಗಿಸುತ್ತದೆ, ಅದನ್ನು ಅಳೆಯುವುದು. ಉಂಡೆಯನ್ನು ಪಿಬಿಎಸ್‌ನಲ್ಲಿ ತೊಳೆದು 100 ಮೈಕ್ರೋಲೀಟರ್‌ಗೆ ತನ್ನಿ. 0.1 ಮೋಲಾರ್ ಸೋಡಿಯಂ ಅಸಿಟೇಟ್, 0.1 ಪರ್ಸೆಂಟ್ ಟ್ರೈಟಾನ್ ಎಕ್ಸ್-100 ಮತ್ತು ಪ್ಯಾರಾ ನೈಟ್ರೋಫಿನೈಲ್ ಫಾಸ್ಫೇಟ್ ಇರುವ ಹುಳಿ ಬಫರ್ 100 ಮೈಕ್ರೋಲೀಟರ್ ಹಾಕಿ. 37 ಡಿಗ್ರಿಯಲ್ಲಿ 90 ನಿಮಿಷ. 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ 10 ಮೈಕ್ರೋಲೀಟರ್ ಹಾಕಿದರೆ ಕ್ರಿಯೆ ನಿಲ್ಲುತ್ತದೆ, ಹಳದಿ ಗಾಢವಾಗುತ್ತದೆ. 405 ನ್ಯಾನೋಮೀಟರ್‌ನಲ್ಲಿ ಓದಿ. ಕಾಲೇಜು ಲ್ಯಾಬಿನ ಎಲೈಸ ರೀಡರೇ ಸಾಕು. ಬೇರೆ ಬೇರೆ ಗಾತ್ರದ ಉಂಡೆಗಳನ್ನು ಓದಿಸಿ ಗೆರೆ ನೇರವಾಗಿ ಬರುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಚಂದದ ಚಿತ್ರ ಬೇಕಿದ್ದರೆ ಬದುಕಿದವಕ್ಕೆ ಹಸಿರು ಕ್ಯಾಲ್ಸೀನ್, ಸತ್ತವಕ್ಕೆ ಕೆಂಪು ಪ್ರೊಪಿಡಿಯಂ. ಆದರೆ ಇಡೀ ಉಂಡೆಯನ್ನು ಕನ್‌ಫೋಕಲ್ ಮೈಕ್ರೋಸ್ಕೋಪಿನಲ್ಲಿ ನೋಡಿದರೂ 100 ಮೈಕ್ರೋಮೀಟರ್ ಆಸುಪಾಸಿನ ಆಳಕ್ಕಿಂತ ಕೆಳಗೆ ಬೆಳಕು ಸರಿಯಾಗಿ ಹೋಗುವುದಿಲ್ಲ. ನಡುವಿನ ಕತ್ತಲನ್ನು ತೋರಿಸಿ "ಸತ್ತ ತಿರುಳು" ಅಂತ ಥೀಸಿಸ್‌ನಲ್ಲಿ ಬಾಣದ ಗುರುತು ಹಾಕಿದವರನ್ನು ಪರೀಕ್ಷಕರು ಹಿಡಿಯುವುದು ಇಲ್ಲೇ. ತಿರುಳಿನ ಮಾತಾಡಬೇಕಾದರೆ ಕೊಯ್ದೇ ನೋಡಬೇಕು.

8. ಕೊಯ್ದು ನೋಡುವುದು

1 ಮಿಲಿ ಟಿಪ್ಪಿನ ತುದಿಯನ್ನು ಸ್ಟೆರೈಲ್ ಬ್ಲೇಡಿನಿಂದ ಕತ್ತರಿಸಿ ಅಗಲ ಮಾಡಿ ಉಂಡೆಗಳನ್ನು ಎತ್ತಿಕೊಳ್ಳಿ. 4 ಪರ್ಸೆಂಟ್ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿ, ಅಂದರೆ ಕೋಶಗಳು ಇದ್ದ ಹಾಗೇ ಉಳಿಯುವಂತೆ ಮಾಡಿ. ಹತ್ತಾರು ಉಂಡೆಗಳನ್ನು ಒಂದೇ ಅಗರೋಸ್ ಬ್ಲಾಕಿನಲ್ಲಿ ಒಂದೇ ಮಟ್ಟದಲ್ಲಿ ಹುದುಗಿಸಿದರೆ ಪ್ಯಾರಾಫಿನ್ ಕಟ್ಟುವವರಿಗೆ ಹುಡುಕುವ ಕಷ್ಟ ತಪ್ಪುತ್ತದೆ. 5 ಮೈಕ್ರೋಮೀಟರ್ ತೆಳುವಿಗೆ ಸಾಲಾಗಿ ಕೊಯ್ಸಿ, ಎಲ್ಲಕ್ಕಿಂತ ಅಗಲವಾಗಿ ಕಂಡ ಹೋಳನ್ನೇ ಬಳಸಿ, ಅದೇ ನಟ್ಟನಡುವಿನದು. ಹೋಳಿಗೆ ಬಣ್ಣ ಹಿಡಿಸಲು ಈ ಗುರುತುಗಳು: ವಿಭಜನೆ ನೋಡಲು ಕೆಐ-67, ಸಾಯುತ್ತಿರುವವಕ್ಕೆ ಸೀಳಿದ ಕ್ಯಾಸ್ಪೇಸ್-3, ಆಕ್ಸಿಜನ್ ಕೊರತೆಗೆ ಪಿಮೊನಿಡಜೋಲ್ ಅಥವಾ ಕಾರ್ಬಾನಿಕ್ ಅನ್‌ಹೈಡ್ರೇಸ್-9. ಪಿಮೊನಿಡಜೋಲ್ ಅನ್ನು ಉಂಡೆ ಜೀವಂತ ಇರುವಾಗಲೇ ಹಾಕಬೇಕು. ಫಿಕ್ಸ್ ಆದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ನಿಮ್ಮಲ್ಲಿ ಕನ್‌ಫೋಕಲ್ ಇಲ್ಲದಿದ್ದರೆ ಜಿಕೆವಿಕೆ ಆವರಣದ ಸಿ-ಕ್ಯಾಂಪ್ ಸಂಶೋಧನಾ ಕೇಂದ್ರದಂಥ ಕಡೆ ಹೊರಗಿನವರಿಗೂ ಶುಲ್ಕದ ಮೇಲೆ ಸೌಲಭ್ಯ ಸಿಗುತ್ತದೆ. ಸ್ಲಾಟ್ ಮೊದಲೇ ಹಿಡಿಯಿರಿ. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಆಟೋದೊಳಗೆ 96 ವೆಲ್ ಪ್ಲೇಟ್ ಹಿಡಿದು ಹೋಗಬೇಡಿ. ಒಂದು ಹಂಪ್ ಬಂದರೆ ಮೀಡಿಯಂ ಮುಚ್ಚಳಕ್ಕೆ ತಾಗಿ ಪಕ್ಕದ ವೆಲ್‌ಗೆ ಇಳಿಯುತ್ತದೆ. ಸಾಧ್ಯವಾದರೆ ಫಿಕ್ಸ್ ಮಾಡಿಯೇ ಒಯ್ಯಿರಿ. ಜೀವಂತವೇ ಬೇಕಾದರೆ ಸಣ್ಣ ಟ್ಯೂಬಿನಲ್ಲಿ ಗಾಳಿಗುಳ್ಳೆ ಇಲ್ಲದಂತೆ ಬಾಯಿಮಟ್ಟ ಮೀಡಿಯಂ ತುಂಬಿ ಹಾಕಿಕೊಂಡು ಹೋಗಿ.

ಪದೇ ಪದೇ ಬರುವ ತಾಪತ್ರಯ

ಉಂಡೆಯ ಸುತ್ತ ಬಿಡಿ ಕೋಶಗಳ ಮೋಡ: ಸತ್ತ ಕೋಶ ಜಾಸ್ತಿ ಹಾಕಿದ್ದೀರಿ, ಇಲ್ಲವೇ ಆ ಕೋಶದ ಸ್ವಭಾವವೇ ಹಾಗೆ. ಅರ್ಧ ಮೀಡಿಯಂ ಬದಲಿಸಿದಾಗ ಸ್ವಲ್ಪ ತಿಳಿಯಾಗುತ್ತದೆ.

ಕೋಶಗಳು ತಳಕ್ಕೇ ಅಂಟಿ ಹರಡಿವೆ: ಅಗರೋಸ್ ಎಲ್ಲೋ ಬಿಟ್ಟುಹೋಗಿದೆ. ಟಿಪ್ ಚುಚ್ಚಿ ತೂತಾಗಿದ್ದರೂ ಹೀಗಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫಂಗಸ್ ಕಾಟ ಹೆಚ್ಚು. ಎರಡು ವಾರದ ಪ್ರಯೋಗದಲ್ಲಿ ಇನ್‌ಕ್ಯುಬೇಟರ್ ತಟ್ಟೆಯ ನೀರು ಬದಲಿಸುವುದನ್ನು ಮರೆತರೆ ಇಡೀ ಪ್ಲೇಟ್ ಹೋಗುತ್ತದೆ. ಮಳೆಗೆ ಕರೆಂಟ್ ಹೋಗುವುದೂ ಇದೇ ತಿಂಗಳುಗಳಲ್ಲಿ. ಇನ್‌ಕ್ಯುಬೇಟರ್ ಯುಪಿಎಸ್ ಲೈನಿನಲ್ಲಿದೆಯಾ ಅಂತ ಪ್ಲೇಟ್ ಹಾಕುವ ಮೊದಲೇ ಕೇಳಿಕೊಳ್ಳಿ. ಶುಕ್ರವಾರ ಸಂಜೆ ಗ್ಯಾಸ್ ಸಿಲಿಂಡರ್‌ನ ಮೀಟರ್ ನೋಡದೆ ಮನೆಗೆ ಹೋಗಬೇಡಿ.

ಮುಗಿದ ಮೇಲೆ ಪ್ಲೇಟನ್ನು ಸಿಂಕಿನಲ್ಲಿ ತೊಳೆದು ಕಸಕ್ಕೆ ಹಾಕುವಂತಿಲ್ಲ. ಮೊದಲು ಆಟೋಕ್ಲೇವ್ ಅಥವಾ ಬ್ಲೀಚ್, ಆಮೇಲೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಬಣ್ಣದ ಚೀಲ. ಕ್ಯಾನ್ಸರ್ ಔಷಧ ಬಿದ್ದ ದ್ರವವನ್ನು ಪ್ರತ್ಯೇಕ ಡಬ್ಬಕ್ಕೆ ಹಾಕಿ ಹೆಸರು ಬರೆಯಿರಿ, ಅದನ್ನು ಆಟೋಕ್ಲೇವ್ ಮಾಡಬೇಡಿ.

ಬರೆಯುವಾಗ

2021ರಲ್ಲಿ ಎಂಐಸ್ಫೆರಾಯ್ಡ್ ಹೆಸರಿನಲ್ಲಿ ಒಂದು ಅಂತಾರಾಷ್ಟ್ರೀಯ ತಂಡ ಸ್ಫೆರಾಯ್ಡ್ ಪೇಪರುಗಳನ್ನೆಲ್ಲ ಕಲೆಹಾಕಿ, ಕನಿಷ್ಠ ಇಷ್ಟಾದರೂ ಬರೆಯಿರಿ ಅಂತ ನಾಲ್ಕು ವಿಷಯ ಗುರುತಿಸಿತು: ಸೆಲ್ ಲೈನ್ ಯಾವುದು, ಮೀಡಿಯಂ ಯಾವುದು, ಉಂಡೆ ಕಟ್ಟಿಸಿದ ವಿಧಾನ ಯಾವುದು, ಉಂಡೆಯ ಅಳತೆ ಎಷ್ಟು. ನಿಮ್ಮ ವಿಧಾನದ ಅಧ್ಯಾಯದಲ್ಲಿ ಈ ನಾಲ್ಕು ಇರಲಿ. ಮೇಲೆ ಪಾಸೇಜ್ ಸಂಖ್ಯೆ, ವೆಲ್‌ಗೆ ಹಾಕಿದ ಕೋಶಗಳ ಎಣಿಕೆ, ಔಷಧ ಹಾಕಿದ ದಿನದ ಅಗಲ, ತೆಗೆದುಹಾಕಿದ ವೆಲ್‌ಗಳ ಸಂಖ್ಯೆ ಮತ್ತು ಕಾರಣ ಸೇರಿಸಿ. ಒಂದೇ ಪ್ಲೇಟಿನ 10 ಉಂಡೆಗಳನ್ನು 10 ಪ್ರಯೋಗ ಅಂತ ಎಣಿಸಬೇಡಿ, ಅದು ಒಂದೇ ಪ್ರಯೋಗ. ಬೇರೆ ಬೇರೆ ವಾರ, ಬೇರೆ ಪಾಸೇಜಿನಿಂದ ಕನಿಷ್ಠ ಮೂರು ಸಲ ಮಾಡಿದ್ದರೆ ಮಾತ್ರ ಮೂರು ಅಂತ ಬರೆಯಿರಿ. ಪ್ರತಿ ಫೋಟೋದಲ್ಲೂ ಸ್ಕೇಲ್ ಬಾರ್ ಹಾಕಿ, ಕ್ಯಾಮೆರಾ ಕೊಟ್ಟ ಮೂಲ ಫೈಲನ್ನು ಬೇರೆ ಹಾರ್ಡ್ ಡಿಸ್ಕಿನಲ್ಲಿ ಹಾಗೇ ಇಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ಗೈಡ್‌ಗೆ ಕಳಿಸಿ ವಾಪಸ್ ಇಳಿಸಿಕೊಂಡ ಚಿತ್ರದಲ್ಲಿ ಪಿಕ್ಸೆಲ್ ಲೆಕ್ಕ ಬದಲಾಗಿರುತ್ತದೆ, ಅದರ ಮೇಲೆ ಅಳತೆ ತೆಗೆಯಬೇಡಿ.